ದೋಣಿ ಎಂಜಿನ್‌ಗೆ ಸೆಲ್ಫ್ ಹಾಕಿಸುವವರು ನ್ಯೂಟ್ರಲ್ ಸ್ವಿಚ್ ಮರೆಯಬೇಡಿ

ಸಂಪಾದಕರೇ,

ಹಗ್ಗ ಎಳೆದು ಸ್ಟಾರ್ಟ್ ಮಾಡುವ, ದೋಣಿಯ ಹಿಂಬದಿಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್‌ಗೆ ಸೆಲ್ಫ್ ಹಾಕಿಸಬೇಕು ಅಂತಿರುವವರಿಗಾಗಿ ಈ ಪತ್ರ. ನಾನೂ ಹಾಕಿಸಿದ್ದೇನೆ. ಚಳಿಗಾಲದ ಬೆಳಿಗ್ಗೆ ಹತ್ತು ಸಲ ಹಗ್ಗ ಎಳೆದರೂ ಎಂಜಿನ್ ಜಗ್ಗುತ್ತಿರಲಿಲ್ಲ, ಆಮೇಲೆ ಇಡೀ ದಿನ ಬಲ ಭುಜ ಎತ್ತಲು ಆಗುತ್ತಿರಲಿಲ್ಲ. ಕಾರಿಗೆ 1912ರಲ್ಲೇ ಸೆಲ್ಫ್ ಬಂದಿತ್ತು, ನಾನು ಮಾತ್ರ ಇನ್ನೂ ಯಾಕೆ ಒದ್ದಾಡಬೇಕು ಅನ್ನಿಸಿತು.

ಮೆಕ್ಯಾನಿಕ್ ಮೋಟರ್, ಬ್ಯಾಟರಿ, ಗುಂಡಿ ಎಲ್ಲ ಕೂರಿಸಿಕೊಟ್ಟರು. ಮೊದಲ ದಿನ ಗುಂಡಿ ಒತ್ತಿದ ಕೂಡಲೇ ಎಂಜಿನ್ ಶುರುವಾದಾಗ ಆದ ಖುಷಿ ಹೇಳತೀರದು. ಆದರೆ ಒಂದು ವಾರದ ನಂತರ, ಎಂಜಿನ್ ಗೇರಿನಲ್ಲೇ ಇದ್ದದ್ದು ಗಮನಿಸದೆ ಗುಂಡಿ ಒತ್ತಿಬಿಟ್ಟೆ. ದೋಣಿ ಒಮ್ಮೆಗೇ ಮುಂದಕ್ಕೆ ಹಾರಿತು. ಮುಂದೆ ನಿಂತು ಹಗ್ಗ ಬಿಚ್ಚುತ್ತಿದ್ದ ನನ್ನ ತಮ್ಮ ಹಿಂದಕ್ಕೆ ಬಿದ್ದ, ಹಲಗೆಯ ಅಂಚು ತಾಗಿ ಮೊಣಕೈ ಸೀಳಿತು. ಅವನು ದೋಣಿಯೊಳಗೆ ಬಿದ್ದ, ಪುಣ್ಯ. ಪಕ್ಕಕ್ಕೆ, ನೀರಿಗೆ ಬಿದ್ದಿದ್ದರೆ ಹಿಂದೆ ಪ್ರೊಪೆಲರ್ ತಿರುಗುತ್ತಿತ್ತಲ್ವಾ? ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಹೀಗಾಗಿದ್ದು ಯಾಕೆ ಅಂತ ಆಮೇಲೆ ತಿಳಿಯಿತು. ಹಗ್ಗದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಲಾಕ್ ಇರುತ್ತದೆ, ಗೇರ್ ಹಾಕಿದ್ದರೆ ಹಗ್ಗ ಎಳೆಯಲು ಬರುವುದಿಲ್ಲ. ಆದರೆ ಆ ಲಾಕ್ ತಡೆಯುವುದು ಹಗ್ಗವನ್ನು ಮಾತ್ರ. ಗುಂಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಗುಂಡಿಯಿಂದ, ಮೋಟರಿಗೆ ಬ್ಯಾಟರಿ ಕರೆಂಟ್ ಜೋಡಿಸುವ ಸೊಲೆನಾಯ್ಡ್‌ಗೆ ಹೋಗುವ ತೆಳು ವೈರನ್ನು ಒಂದು ನ್ಯೂಟ್ರಲ್ ಸ್ವಿಚ್ ಮೂಲಕ ಹಾಯಿಸಬೇಕು. ಗೇರ್ ಲಿವರ್ ನ್ಯೂಟ್ರಲ್‌ನಲ್ಲಿದ್ದಾಗ ಮಾತ್ರ ಅದು ಕರೆಂಟ್ ಬಿಡುತ್ತದೆ. ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್, ಎರಡು ವೈರ್. ನನ್ನ ಎಂಜಿನ್‌ನಲ್ಲಿ ಅದನ್ನು ಹಾಕಿರಲೇ ಇಲ್ಲ, ಹಾಕಿದ್ದೀರಾ ಅಂತ ಕೇಳುವಷ್ಟು ನನಗೂ ಗೊತ್ತಿರಲಿಲ್ಲ.

ಇನ್ನೂ ಒಂದೆರಡು ವಿಷಯ ಹೇಳಿಬಿಡುತ್ತೇನೆ. ಎಲ್ಲ ಎಂಜಿನ್‌ಗೂ ಸೆಲ್ಫ್ ಕೂರುವುದಿಲ್ಲ. ಅದೇ ಮಾಡೆಲ್‌ನಲ್ಲಿ ಕಂಪನಿ ಸೆಲ್ಫ್ ಇರುವುದನ್ನೂ ಮಾಡಿದ್ದರೆ ಮೋಟರ್ ಬಿಗಿಯಲು ಜಾಗ ಮೊದಲೇ ಬಿಟ್ಟಿರಬಹುದು, ಮೊದಲು ಅದನ್ನು ನೋಡಿ. ಎಂಜಿನ್ ಜೊತೆ ತಿರುಗುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲ್‌ಗೆ, ಸುತ್ತಲೂ ಹಲ್ಲು ಇಲ್ಲದಿದ್ದರೆ ಮೋಟರ್ ತಿರುಗಿಸುವುದಾದರೂ ಏನನ್ನು? ಹಲ್ಲಿರುವ ಫ್ಲೈವೀಲ್ ಬೇಕು, ಅದೂ ಆ ಎಂಜಿನ್‌ನದ್ದೇ, ಯಾಕೆಂದರೆ ಕಿಡಿ ಹೊತ್ತಿಸುವ ಅಯಸ್ಕಾಂತಗಳು ಅದರಲ್ಲೇ ಇರುತ್ತವೆ. ಹಳೆಯದನ್ನು ಪುಲ್ಲರ್ (ಚಕ್ರವನ್ನು ಎಳೆದು ಬಿಡಿಸುವ ಸಲಕರಣೆ) ಹಾಕಿಯೇ ತೆಗೆಯಬೇಕು. ಯಾರಾದರೂ ಸುತ್ತಿಗೆ ಎತ್ತಿಕೊಂಡರೆ ದಯವಿಟ್ಟು ತಡೆಯಿರಿ, ಪೆಟ್ಟು ಬಿದ್ದರೆ ಆ ಅಯಸ್ಕಾಂತ ಬಿರುಕು ಬಿಡಬಹುದು.

ಬ್ಯಾಟರಿ 12 ವೋಲ್ಟಿನದು, ಕೇಬಲ್ ದಪ್ಪ ಇರಲಿ. ಉದ್ದ ಜಾಸ್ತಿಯಾದಷ್ಟೂ ಇನ್ನೂ ದಪ್ಪದ್ದು ಬೇಕು, ತೆಳು ಕೇಬಲ್ ಹಾಕಿದರೆ ಮೋಟರ್ ಸುಮ್ನೆ ಮುಲುಗುತ್ತದೆ ಅಷ್ಟೇ. ಬ್ಯಾಟರಿಯನ್ನು ಡಬ್ಬಿಯಲ್ಲಿಟ್ಟು ಬಿಗಿಯಾಗಿ ಕಟ್ಟಿ, ಪೆಟ್ರೋಲ್ ಟ್ಯಾಂಕಿನಿಂದ ದೂರ ಇಡಿ. ಎಂಜಿನ್ನಿನಲ್ಲಿ ಚಾರ್ಜಿಂಗ್ ಕಾಯಿಲ್ ಇಲ್ಲದಿದ್ದರೆ ಬ್ಯಾಟರಿ ತಾನಾಗಿ ತುಂಬಿಕೊಳ್ಳುವುದಿಲ್ಲ, ದಡಕ್ಕೆ ತಂದು ಚಾರ್ಜ್ ಮಾಡಬೇಕು. ಇದೇ ಕಾರಣಕ್ಕೆ ಹಳೆಯ ಹಗ್ಗವನ್ನು ತೆಗೆಸಬೇಡಿ. ನಡುನೀರಿನಲ್ಲಿ ಬ್ಯಾಟರಿ ಸತ್ತರೆ ಕೈಗೆ ಸಿಗುವುದು ಅದೊಂದೇ.

ಈಗಾಗಲೇ ಸೆಲ್ಫ್ ಹಾಕಿಸಿರುವವರು ಇವತ್ತೇ ಒಂದು ಪರೀಕ್ಷೆ ಮಾಡಿ. ದೋಣಿಯನ್ನು ಗಟ್ಟಿಯಾಗಿ ಕಟ್ಟಿ, ಪ್ರೊಪೆಲರ್ ಹತ್ತಿರ ಯಾರೂ ಇಲ್ಲ ಅಂತ ನೋಡಿಕೊಂಡು, ಎಂಜಿನ್ ಹತ್ತದಂತೆ ಕಿಲ್ ಸ್ವಿಚ್ಚಿನ (ಎಂಜಿನ್ ಆರಿಸುವ ಸ್ವಿಚ್) ಕ್ಲಿಪ್ ತೆಗೆಯಿರಿ. ಗೇರ್ ಮುಂದಕ್ಕೆ ಹಾಕಿ ಗುಂಡಿ ಒತ್ತಿ, ಆಮೇಲೆ ಹಿಂದಕ್ಕೆ ಹಾಕಿ ಒತ್ತಿ. ಎರಡು ಸಲವೂ ಮೋಟರ್ ಅಲುಗಬಾರದು. ಅಲುಗಿತೋ, ಸ್ವಿಚ್ ಹಾಕಿಸುವವರೆಗೆ ಬ್ಯಾಟರಿ ವೈರ್ ಬಿಚ್ಚಿಟ್ಟು ಹಗ್ಗದಲ್ಲೇ ಎಳೆಯಿರಿ.

ಸೆಲ್ಫ್ ಹಾಕಿಸುವ ಕಿಟ್ ಮಾರುವವರಲ್ಲೂ ಒಂದು ಕೋರಿಕೆ: ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಸ್ವಿಚ್ ಇಲ್ಲದಿದ್ದರೆ ಅದನ್ನು ಹೊರಗಡೆ ದಪ್ಪ ಅಕ್ಷರದಲ್ಲಿ ಬರೆಯಿರಿ.

– ನಿಮ್ಮ ಓದುಗ