ಮಗಳಿಗೊಂದು ಪತ್ರ: ಏಳು ಹಾಡು, ಏಳು ನಿಮಿಷವೂ ಇಲ್ಲ

ಸಾಗರ
ಸೋಮವಾರ ರಾತ್ರಿ

ಪ್ರೀತಿಯ ಪುಟ್ಟಿ,

ದೀಪಾವಳಿಗೆ ಬಂದಾಗ ನೀನು ಹಾಕಿದ್ದ ಹಾಡನ್ನು ನಾನು ‘ಏನೇ ಅದು ಗಲಾಟೆ’ ಅಂತ ನಿಲ್ಲಿಸಿಬಿಟ್ಟೆ. ನೀನು ಏನೂ ಹೇಳದೆ ಎದ್ದು ಹೋದೆ. ಅದು ನನ್ನನ್ನು ಕೊರೆಯುತ್ತಲೇ ಇತ್ತು. ಮೊನ್ನೆ ರಾತ್ರಿ ಅಡಿಕೆ ಸುಲಿಯುವಾಗ, ನೀನು ಬಿಟ್ಟುಹೋದ ಸಣ್ಣ ಸ್ಪೀಕರಿನಲ್ಲಿ ಅದನ್ನೇ ಹಾಕಿಕೊಂಡು ಕೂತೆ. ಮಿನಿಟ್‌ಮೆನ್ ಅನ್ನುವ ಅಮೆರಿಕದ ಮೂವರ ರಾಕ್ ಬ್ಯಾಂಡಿನ ‘ಪ್ಯಾರನಾಯ್ಡ್ ಟೈಮ್’ ಅನ್ನುವ ರೆಕಾರ್ಡು. ಏಳು ಹಾಡು. ಯಾವುದೂ ಒಂದೂವರೆ ನಿಮಿಷ ದಾಟುವುದಿಲ್ಲ. ಎಲ್ಲ ಸೇರಿದರೂ ಏಳು ನಿಮಿಷವಿಲ್ಲ. ನನ್ನ ಬುಟ್ಟಿಯ ಅಡಿಕೆ ಮುಗಿಯುವ ಮೊದಲೇ ಮುಗಿದುಹೋಯಿತು. ಮತ್ತೆ ಹಾಕಿದೆ. ಆಮೇಲೆ ಮತ್ತೆ.

ಮೊದಲ ಸಲ ಬರೀ ಧಡಧಡ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಮೂರನೇ ಸಲಕ್ಕೆ ಒಂದು ವಿಷಯ ಕಿವಿಗೆ ಬಿತ್ತು. ಗಿಟಾರು ಎಲ್ಲರ ಮೇಲೆ ಏರಿ ಕೂತಿಲ್ಲ. ತೆಳ್ಳಗೆ, ಚೂಪಾಗಿ ಹೋಗುತ್ತದೆ. ಅದರ ಕೆಳಗೆ ಬಾಸ್, ಅಂದರೆ ತಗ್ಗು ದನಿಯ ಗಿಟಾರು, ತನ್ನ ಮಾತು ತಾನು ಆಡುತ್ತದೆ, ಡ್ರಮ್ಸ್ ತನ್ನದು. ಆಮೇಲೆ ಓದಿ ತಿಳಿದೆ, ಗಿಟಾರು ನುಡಿಸುವ ಡಿ. ಬೂನ್ ಅದನ್ನು ಬೇಕೆಂದೇ ಮಾಡಿದ್ದಂತೆ. ಗಿಟಾರಿನವನೇ ದೊಡ್ಡವನು, ಉಳಿದವರು ಹಿಂದೆ ನಿಲ್ಲಬೇಕು ಅನ್ನುವುದು ಅವನಿಗೆ ಒಪ್ಪಿಗೆಯಿರಲಿಲ್ಲ. ಮೈಕ್ ವಾಟ್‌ನ ಬಾಸಿಗೂ ಜಾರ್ಜ್ ಹರ್ಲಿಯ ಡ್ರಮ್ಸಿಗೂ ಜಾಗ ಸಿಗಲಿ ಅಂತ ತನ್ನ ಗಿಟಾರಿನ ದಪ್ಪ ದನಿಯನ್ನು ತಾನೇ ತೆಗೆದುಬಿಟ್ಟ.

ಪುಟ್ಟಿ, ಇದು ನನಗೆ ತುಂಬಾ ಹಿಡಿಸಿತು. ರಾಜಕೀಯ ಅನ್ನುವುದು ಹಾಡಿನ ಮಾತಿನಲ್ಲಿ ಇರುತ್ತದೆ ಅಂದುಕೊಂಡಿದ್ದೆ. ಇವರು ಮೂವರು ಜಾಗ ಹಂಚಿಕೊಂಡ ರೀತಿಯಲ್ಲೇ ಅದಿದೆ. ಅದಕ್ಕೇ ಇರಬೇಕು, ‘ಸಿಕಲ್ಸ್ ಆ್ಯಂಡ್ ಹ್ಯಾಮರ್ಸ್’ ಅಂತ ಕುಡುಗೋಲು ಸುತ್ತಿಗೆಯ ಹೆಸರಿಟ್ಟ ಹಾಡಿನಲ್ಲಿ ಒಂದು ಮಾತೂ ಇಲ್ಲ, ಬರೀ ವಾದ್ಯ. ನಮ್ಮ ಮನೆಗಳಲ್ಲಿ ಎಷ್ಟು ಕಡೆ ಒಬ್ಬರ ದನಿ ಮಾತ್ರ ಕೇಳಿಸುತ್ತದೆ, ನೀನೇ ನೋಡಿದ್ದೀಯಲ್ಲ.

ರೆಕಾರ್ಡು ಬಂದದ್ದು 1980ರ ಕೊನೆಗೆ. ರೇಗನ್ ಆಗತಾನೇ ಅಮೆರಿಕದ ಅಧ್ಯಕ್ಷರ ಚುನಾವಣೆ ಗೆದ್ದಿದ್ದರು. 1950ರ ಸುಮಾರಿಗೆ ಅಲ್ಲಿ ಮೆಕಾರ್ಥಿ ಅನ್ನುವ ಸೆನೆಟರ್ ಕಮ್ಯುನಿಸ್ಟರನ್ನು ಹುಡುಕುತ್ತೇನೆ ಅಂತ ಎಷ್ಟೋ ಜನರ ಮೇಲೆ ಗೂಬೆ ಕೂರಿಸಿದ. ಅವನ ದೆವ್ವದ ಹೆಸರಿನಲ್ಲಿ ಒಂದು ಹಾಡಿದೆ. ಕೊನೆಯ ಹಾಡಿನ ಹುಡುಗನಿಗೆ ಹುಡುಗಿಯರ ಹತ್ತಿರ ಮಾತಾಡಲು ಹೋದರೂ ತಲೆಯಲ್ಲಿ ಮೂರನೇ ಮಹಾಯುದ್ಧವೇ. ಅಂಥ ಹೆದರಿಕೆಯನ್ನು ಆಲಾಪ ಮಾಡಿಕೊಂಡು ಹೇಳಲು ಆಗುತ್ತದಾ?

ಅದೇ 1980ರಲ್ಲಿ ನಮ್ಮ ಶಿವಮೊಗ್ಗದ ಕಡೆ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಅಂಥವರೆಲ್ಲ ಸೇರಿ ರೈತ ಸಂಘ ಕಟ್ಟಿದರು. ನಾನು ಸಣ್ಣವಳಿದ್ದಾಗ ಊರಿನ ತಿರುವಿನಲ್ಲಿ ಸಂಘದವರ ಬೋರ್ಡು ಇತ್ತು. ರೈತರ ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಅಂತ. ಅಷ್ಟೇ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಅದರ ಪಕ್ಕ ನಿಂತಾಗ ನಿನ್ನಜ್ಜನ ಬೆನ್ನು ನೆಟ್ಟಗಾಗುತ್ತಿತ್ತು. ಆ ರಾತ್ರಿ ಹಾಡು ಕೇಳುತ್ತಾ ನನಗೆ ನೆನಪಾದದ್ದು ಆ ಬೋರ್ಡು. ಅದೇ ಗಟ್ಟಿತನ, ಅದೇ ಆತುರ.

ಇನ್ನೊಂದು ವಿಷಯ. ಬೂನ್ ಮತ್ತು ವಾಟ್ ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊ ಅನ್ನುವ ಬಂದರಿನ ಊರಿನವರು, ದುಡಿದು ತಿನ್ನುವ ಮನೆಯವರು. ಹದಿಮೂರರ ಸುಮಾರಿಗೆ ಬೂನ್ ಮರದಿಂದ ವಾಟ್‌ನ ಮೇಲೆ ಧುಮುಕಿದ್ದರಿಂದಲೇ ಅವರ ಸ್ನೇಹ ಶುರುವಾದದ್ದು. ಹುಡುಗರು ಬೀದಿ ಪಾಲಾಗಬಾರದು ಅಂತ ಬೂನ್‌ನ ಅಮ್ಮನೇ ಮನೆಯಲ್ಲಿ ಬ್ಯಾಂಡ್ ಕಟ್ಟಲು ಹೇಳಿದರಂತೆ. ವಾಟ್‌ಗೆ ಬಾಸ್ ಹಿಡಿಯಲು ಹೇಳಿದ್ದೂ ಅವರೇ. ಮಾಮೂಲಿ ಗಿಟಾರಿಗೆ ನಾಲ್ಕೇ ತಂತಿ ಇದ್ದರೆ ಅದೇ ಬಾಸ್ ಅಂತಲೇ ಆ ಹುಡುಗ ತಿಳಿದಿದ್ದ! ಮುಂದೆ ಎಲ್ಲವನ್ನೂ ಕಡಿಮೆ ಖರ್ಚಿನಲ್ಲಿ ತಾವೇ ಮಾಡಿಕೊಂಡರು. 1985ರ ಡಿಸೆಂಬರಿನಲ್ಲಿ ವ್ಯಾನ್ ಅಪಘಾತದಲ್ಲಿ ಬೂನ್ ಹೋದ. ಇಪ್ಪತ್ತೇಳು ವರ್ಷ. ಅದನ್ನು ಓದಿದ ಮೇಲೆ ಕತ್ತಿ ಪಕ್ಕಕ್ಕಿಟ್ಟು ಸುಮ್ನೆ ಕೂತಿದ್ದೆ.

ಆ ಅಮ್ಮ ಮಾಡಿದ್ದನ್ನು ಓದುತ್ತಾ, ನಾನು ಮಾಡಿದ್ದು ನೆನಪಾಗಿ ಹೊಟ್ಟೆ ಕಿವುಚಿದ ಹಾಗಾಯಿತು.

ನೀವು ಮೂವರು ಗೆಳತಿಯರು ಕಟ್ಟಿದ ಹಾಡು ಒಂದೇ ನಿಮಿಷದ್ದು, ಇನ್ನೂ ಉದ್ದ ಮಾಡಬೇಕು ಅಂತ ಅವತ್ತು ನೀನು ಹೇಳುತ್ತಿದ್ದೆ. ಉದ್ದ ಮಾಡಬೇಡ ಪುಟ್ಟಿ. ಹೇಳುವುದು ಅಷ್ಟರಲ್ಲೇ ಮುಗಿದಿದ್ದರೆ ಅಲ್ಲಿಗೇ ನಿಲ್ಲಿಸು. ನನಗೆ ಅದನ್ನು ಪೂರ್ತಿ ಕೇಳಬೇಕು.

ಅಟ್ಟದ ಮೇಲಿದ್ದ ಅಡಿಕೆ ಚೀಲಗಳನ್ನೆಲ್ಲ ನಾನೂ ಅಪ್ಪನೂ ಸೇರಿ ಕೆಳಗಿನ ಕೋಣೆಗೆ ಹಾಕಿದೆವು. ಗುಡಿಸಿ ಒರೆಸಿದ್ದೇನೆ. ಕರೆಂಟಿನವನನ್ನು ಕರೆಸಿ ಎರಡು ಪ್ಲಗ್ ಹಾಕಿಸಿದ್ದಾಯಿತು, ಸಾಕಾಗದಿದ್ದರೆ ಈಗಲೇ ಹೇಳು. ಸುಲಿತ ಮುಗಿದ ಮೇಲೆ ಮೂವರೂ ಬನ್ನಿ. ಡ್ರಮ್ಸ್ ಬಸ್ಸಿನಲ್ಲಿ ತರಲು ಆಗದಿದ್ದರೆ ಅಪ್ಪ ಗೂಡ್ಸ್ ಆಟೋ ನೋಡುತ್ತಾರೆ.

ನಿನ್ನ
ಅಮ್ಮ