ಸೈರನ್ ಕೇಳಿದಾಗ ಶಾಲೆಗೆ ಓಡಿ ಬರಬೇಡಿ: ಪೋಷಕರಲ್ಲಿ ಒಂದು ವಿನಂತಿ

ಮಾನ್ಯ ಪೋಷಕರೇ,

ಸಪ್ರೇಮ ನಮಸ್ಕಾರಗಳು.

ಕಬ್ಬು ನುರಿಸುವ ಹಂಗಾಮು ಆರಂಭವಾಗಿದೆ. ನಮ್ಮ ಜಮಖಂಡಿ ತಾಲ್ಲೂಕಿನಲ್ಲೂ ಸುತ್ತಲಿನ ತಾಲ್ಲೂಕುಗಳಲ್ಲೂ ಇನ್ನು ಕೆಲವು ತಿಂಗಳು ಸಕ್ಕರೆ ಕಾರ್ಖಾನೆಗಳು ಹಗಲಿರುಳು ನಡೆಯುತ್ತವೆ, ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳ ಜೊತೆಗೆ ಎಥೆನಾಲ್, ಕಾಕಂಬಿ, ಗ್ಯಾಸ್ ತುಂಬಿದ ಟ್ಯಾಂಕರುಗಳೂ ಓಡಾಡುತ್ತವೆ. ತಮ್ಮಲ್ಲಿ ಅನೇಕರು ಆ ಕಾರ್ಖಾನೆಗಳಲ್ಲೇ ದುಡಿಯುವವರು, ಉಳಿದವರು ಅವಕ್ಕೆ ಕಬ್ಬು ಕಳಿಸುವವರು. ಅವು ನಮ್ಮೆಲ್ಲರ ಅನ್ನದ ದಾರಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ವಿನಂತಿ ಒಂದೇ. ಹತ್ತಿರದ ಯಾವುದೇ ಘಟಕದಲ್ಲಾಗಲಿ, ರಸ್ತೆಯ ಟ್ಯಾಂಕರಿನಲ್ಲಾಗಲಿ ಅನಿಲ ಸೋರಿದ ಸುದ್ದಿ ಬಂದರೆ ಅಥವಾ ಅಪಾಯದ ಸೈರನ್ ಕೇಳಿಸಿದರೆ, ಮಗುವನ್ನು ಕರೆದುಕೊಂಡು ಹೋಗಲು ದಯವಿಟ್ಟು ಶಾಲೆಗೆ ಬರಬೇಡಿ. ಹೆತ್ತವರಿಗೆ ಇದು ಎಷ್ಟು ಕಠಿಣವಾದ ಮಾತು ಎಂಬುದು ನನಗೆ ತಿಳಿದಿದೆ. ಆದ್ದರಿಂದಲೇ ಕಾರಣಗಳನ್ನು ಬಿಡಿಸಿ ಹೇಳಬೇಕಾಗಿದೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಒಂದು ಟ್ಯಾಂಕಿನೊಳಗೆ ನೀರು ಸೇರಿ, ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್ ಅನಿಲವಾಗಿ ಹೊರಬಿದ್ದು ಊರಿನ ಮೇಲೆ ಹರಡಿತು. ಆ ಟ್ಯಾಂಕನ್ನು ತಂಪಾಗಿಡಬೇಕಿದ್ದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು, ಸೋರಿದ ಅನಿಲವನ್ನು ಸುಟ್ಟು ಹಾಕಬೇಕಿದ್ದ ಗೋಪುರದ ಕೊಳವೆ ದುರಸ್ತಿಗೆಂದು ಬಿಚ್ಚಿಟ್ಟಿತ್ತು. ದುರಂತವನ್ನು ತಡೆಯುವ ಕೆಲಸ ಅಲ್ಲಿ ಸೋತದ್ದು ಹೀಗೆ. ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವುದು ಗೋಡೆಯ ಹೊರಗೆ ನಡೆದ ಸಂಗತಿ. ಸುತ್ತಲಿನ ಬಡಾವಣೆಗಳ ಜನರಿಗೆ ಕಾರ್ಖಾನೆಯೊಳಗೆ ಏನಿದೆ ಎಂದು ಯಾರೂ ತಿಳಿಸಿರಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿಯಬೇಕು, ಗಾಳಿ ಬೀಸುವ ದಿಕ್ಕಿಗೆ ಓಡಬಾರದು ಎಂಬ ಎರಡು ಮಾತು ಮೊದಲೇ ಗೊತ್ತಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು. ನಿದ್ದೆಯಿಂದೆದ್ದು ಮಕ್ಕಳನ್ನೆತ್ತಿಕೊಂಡು ಓಡಿದವರಲ್ಲಿ ಅನೇಕರು ಅನಿಲ ಸಾಗುತ್ತಿದ್ದ ದಿಕ್ಕಿಗೇ ಓಡಿದರು. ಓಡಿದಷ್ಟೂ ಉಸಿರು ಜೋರಾಗುತ್ತದೆ, ಉಸಿರು ಜೋರಾದಷ್ಟೂ ವಿಷ ಹೆಚ್ಚು ಒಳಗೆ ಹೋಗುತ್ತದೆ.

ಅದು ಹಳೆಯ ಕಾಲದ ಮಾತು ಎಂದು ತಾವು ಭಾವಿಸಬಾರದು. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ 12 ಜನ ತೀರಿಕೊಂಡರು. ಮನೆ ಬಿಟ್ಟು ಓಡಿದವರು ದಾರಿಯಲ್ಲೇ ಪ್ರಜ್ಞೆ ತಪ್ಪಿ ಬಿದ್ದ ದೃಶ್ಯಗಳನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅಲ್ಲಿಯೂ ಸೈರನ್ ಜನರನ್ನು ಎಚ್ಚರಿಸಲಿಲ್ಲ.

ನಮ್ಮ ಭಾಗದಲ್ಲಿರುವ ವಸ್ತುಗಳು ಬೇರೆ, ಅವುಗಳ ಸ್ವಭಾವವೂ ಬೇರೆ. ಸಕ್ಕರೆ ಬೆಳ್ಳಗಾಗಲೆಂದು ಗಂಧಕವನ್ನು ಸುಟ್ಟು, ಅದರಿಂದ ಬರುವ ಸಲ್ಫರ್ ಡೈಆಕ್ಸೈಡನ್ನು ಕಬ್ಬಿನ ಹಾಲಿಗೆ ಹಾಯಿಸುತ್ತಾರೆ. ಗಂಧಕದ ದಾಸ್ತಾನಿಗೆ ಬೆಂಕಿ ಬಿದ್ದರೆ ಅದೇ ಅನಿಲ ಹೊರಗೆ ಹರಡಿ ಕಣ್ಣು, ಗಂಟಲು ಉರಿಸುತ್ತದೆ. ಮಣೂಕ (ಒಣದ್ರಾಕ್ಷಿ) ಇಡುವ ಕೋಲ್ಡ್ ಸ್ಟೋರೇಜುಗಳಲ್ಲಿ ತಂಪು ಮಾಡಲು ಬಳಸುವ ಅಮೋನಿಯಾ ಗಾಳಿಗಿಂತ ಹಗುರವೆಂದು ನಾವೇ ಪಾಠ ಮಾಡುತ್ತೇವೆ. ಆದರೆ ಒತ್ತಡದ ಕೊಳವೆಯಿಂದ ಚಿಮ್ಮಿದಾಗ ಅದು ತಣ್ಣನೆಯ ಬಿಳಿ ಮಂಜಾಗಿ ಮೊದಲು ನೆಲ ಹಿಡಿದೇ ಸಾಗುತ್ತದೆ. ಅದು ನೀರಿನಲ್ಲಿ ಬೇಗ ಕರಗುವುದರಿಂದ ಒದ್ದೆ ಬಟ್ಟೆ ಬಹಳ ಉಪಯೋಗಕ್ಕೆ ಬರುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಲ್ಲಿ ಬಳಸುವ ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ತಗ್ಗಿನಲ್ಲಿ ನಿಲ್ಲುವುದರಿಂದ ಮಹಡಿ ಹತ್ತುವುದೇ ಕ್ಷೇಮ. ಎಲ್ಲದಕ್ಕೂ ಒಂದೇ ಉಪಾಯವಿಲ್ಲದಿರುವುದರಿಂದ, ಗಾಬರಿಯಲ್ಲಿ ಒಬ್ಬೊಬ್ಬರು ಒಂದೊಂದು ನಿರ್ಧಾರ ಮಾಡುವುದಕ್ಕಿಂತ ಮೊದಲೇ ಯೋಚಿಸಿದ ವ್ಯವಸ್ಥೆ ಇರುವುದು ಒಳ್ಳೆಯದು.

ಶಾಲೆಯ ವ್ಯವಸ್ಥೆ ಹೀಗಿದೆ. ಸುದ್ದಿ ತಿಳಿದ ಕೂಡಲೇ ಉದ್ದನೆಯ ಗಂಟೆ ಬಾರಿಸುತ್ತೇವೆ. ಆಟದ ಬಯಲಿನಲ್ಲಿರುವ ಮಕ್ಕಳೂ ಸೇರಿ ಎಲ್ಲರೂ ಒಳಗೆ ಬರುತ್ತಾರೆ, ಕಿಟಕಿ-ಬಾಗಿಲು ಮುಚ್ಚಿ ಸಂದುಗಳಿಗೆ ಒದ್ದೆ ಬಟ್ಟೆ ತುರುಕಲಾಗುತ್ತದೆ, ಬಿಸಿಯೂಟದ ಕೋಣೆಯ ಗ್ಯಾಸ್ ಬಂದ್ ಮಾಡಲಾಗುತ್ತದೆ, ಪ್ರತಿ ತರಗತಿಯ ಹಾಜರಿ ಎಣಿಸಿ ನನಗೆ ಒಪ್ಪಿಸಲಾಗುತ್ತದೆ. ಮಾಳಿಗೆಯ ಕಂಬಕ್ಕೆ ಕಟ್ಟಿರುವ ಬಟ್ಟೆಯನ್ನು ನೋಡಿ ಗಾಳಿಯ ದಿಕ್ಕು ತಿಳಿಯುತ್ತೇವೆ. ಹಂಗಾಮಿನ ಈ ತಿಂಗಳುಗಳಲ್ಲಿ ನಮ್ಮಲ್ಲಿ ಮೂಡಣ ಗಾಳಿಯೇ ಹೆಚ್ಚು, ಮಳೆಗಾಲದಲ್ಲಿ ಪಡುವಣದ್ದು. ಆದರೂ ಆ ಹೊತ್ತಿನ ಗಾಳಿಯನ್ನು ಕಣ್ಣಿಂದ ನೋಡದೆ ಹೆಜ್ಜೆ ಇಡುವುದಿಲ್ಲ. ಅಧಿಕಾರಿಗಳು ಜಾಗ ಬಿಡಲು ಹೇಳಿದರೆ, ಅಥವಾ ಬೆಂಕಿ ಶಾಲೆಯತ್ತ ಬರುವಂತಿದ್ದರೆ, ಗಾಳಿಗೆ ಅಡ್ಡಲಾಗಿ, ಅಂದರೆ ಮೂಡಣ ಗಾಳಿಯಿದ್ದಾಗ ಉತ್ತರಕ್ಕೋ ದಕ್ಷಿಣಕ್ಕೋ, ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗುತ್ತೇವೆ.

ಇದರ ನಡುವೆ ನೂರಾರು ಬೈಕುಗಳು ಗೇಟಿನ ಮುಂದೆ ಬಂದು ನಿಂತರೆ ಏನಾಗುತ್ತದೆ ಎಂದು ದಯವಿಟ್ಟು ಯೋಚಿಸಿ. ಪ್ರತಿ ಮಗುವಿಗಾಗಿ ಬಾಗಿಲು ತೆರೆದಂತೆಲ್ಲ ಅನಿಲ ಒಳಗೆ ಬರುತ್ತದೆ, ಹಾಜರಿಯ ಲೆಕ್ಕ ತಪ್ಪುತ್ತದೆ, ಅಗ್ನಿಶಾಮಕ ವಾಹನವೂ ಆಂಬುಲೆನ್ಸೂ ನಮ್ಮ ಇಕ್ಕಟ್ಟಾದ ರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಗೋಡೆಯೊಳಗೆ ಸುರಕ್ಷಿತವಾಗಿದ್ದ ಮಗು ಬೈಕಿನ ಮೇಲೆ ಬಯಲಿಗೆ ಬರುತ್ತದೆ. ಸೋರಿದ್ದು ಅಡುಗೆ ಅನಿಲವಾದರೆ ಬೈಕಿನ ಕಿಡಿಯೇ ಸಾಕು. 2024ರ ಡಿಸೆಂಬರ್ 20ರಂದು ಜೈಪುರ–ಅಜ್ಮೇರ್ ಹೆದ್ದಾರಿಯಲ್ಲಿ ಎಲ್‌ಪಿಜಿ ಟ್ಯಾಂಕರಿಗೆ ಲಾರಿ ಡಿಕ್ಕಿ ಹೊಡೆದಾಗ, ಸೋರಿದ ಗ್ಯಾಸ್ ರಸ್ತೆಯುದ್ದಕ್ಕೂ ಹರಡಿ ಹೊತ್ತಿಕೊಂಡು, ಸುತ್ತ ನಿಂತಿದ್ದ ವಾಹನಗಳಲ್ಲಿದ್ದವರೂ ಸುಟ್ಟುಹೋದರು. ಪಲ್ಟಿಯಾದ ಟ್ಯಾಂಕರಿನ ಹತ್ತಿರ ಕ್ಯಾನ್ ಹಿಡಿದು ಹೋಗುವುದನ್ನಂತೂ ಯಾರೂ ಮಾಡಬಾರದು, ಮಕ್ಕಳನ್ನು ನೋಡಲೂ ಬಿಡಬಾರದು. ಟ್ಯಾಂಕರಿನ ಹಿಂದೆ ಬರೆದಿರುವ ನಾಲ್ಕಂಕಿಯ ಸಂಖ್ಯೆಯನ್ನು ದೂರದಿಂದಲೇ ಓದಿ 112ಕ್ಕೆ ಹೇಳಿದರೆ ಒಳಗಿರುವುದೇನೆಂದು ಅವರಿಗೆ ತಿಳಿಯುತ್ತದೆ. 1075 ಎಂದಿದ್ದರೆ ಎಲ್‌ಪಿಜಿ, 1170 ಎಂದಿದ್ದರೆ ಎಥೆನಾಲ್. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಕಲಿಸಿದ್ದೇವೆ, ಮನೆಯಲ್ಲಿ ಅವರನ್ನೇ ಕೇಳಿ ನೋಡಿ.

ಕಾರ್ಖಾನೆಯಲ್ಲಿ ದುಡಿಯುವ ಪೋಷಕರಿಗೆ ಇನ್ನೊಂದು ಮಾತು. ಕೊಳಚೆ ನೀರಿನ ಗುಂಡಿ, ಕಾಕಂಬಿ ಟ್ಯಾಂಕುಗಳೊಳಗೆ ಆಮ್ಲಜನಕ ಇಲ್ಲದಿರಬಹುದು, ಹೈಡ್ರೋಜನ್ ಸಲ್ಫೈಡ್ ತುಂಬಿರಬಹುದು. ಕೊಳೆತ ಮೊಟ್ಟೆಯಂಥ ಅದರ ವಾಸನೆ, ಪ್ರಮಾಣ ಹೆಚ್ಚಾದಾಗ ಮೂಗಿಗೆ ತಿಳಿಯುವುದೇ ನಿಲ್ಲುತ್ತದೆ. ಒಳಗೆ ಬಿದ್ದವನನ್ನು ಎತ್ತಲು ಇಳಿದ ಎರಡನೆಯವನು, ಅವನನ್ನು ಎತ್ತಲು ಇಳಿದ ಮೂರನೆಯವನು ಹೀಗೆ ಸಾಯುವುದು ದೇಶದಲ್ಲಿ ಮತ್ತೆ ಮತ್ತೆ ನಡೆದಿದೆ. ಗಾಳಿ ಪರೀಕ್ಷಿಸದೆ, ಸೊಂಟಕ್ಕೆ ಹಗ್ಗ ಮತ್ತು ಉಸಿರಾಟದ ಸಾಧನವಿಲ್ಲದೆ ಇಳಿಯಲು ಯಾರು ಹೇಳಿದರೂ ಇಳಿಯಬೇಡಿ. ನಿಮ್ಮ ಮಗು ಸಂಜೆ ನಿಮ್ಮ ದಾರಿ ಕಾಯುತ್ತಿರುತ್ತದೆ.

ಕೇಳುವ ಹಕ್ಕೂ ನಮಗಿದೆ. ಭೋಪಾಲದ ನಂತರ 1989ರಲ್ಲಿ ಬಂದ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪ್ರಕಾರ, ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಇಂಥ ವಸ್ತುಗಳಿರುವ ಘಟಕಗಳು ತುರ್ತು ಯೋಜನೆ ಹೊಂದಿರಬೇಕು, ಅಣಕು ಕಾರ್ಯಾಚರಣೆ ನಡೆಸಬೇಕು, ಅಪಘಾತವಾದರೆ ತೊಂದರೆಗೆ ಒಳಗಾಗಬಹುದಾದ ಸುತ್ತಲಿನ ಜನರಿಗೆ ಮೊದಲೇ ಮಾಹಿತಿ ಕೊಡಬೇಕು. 1996ರ ನಿಯಮಗಳು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿಯನ್ನೂ ರಚಿಸಿವೆ. ಸಣ್ಣ ಘಟಕಗಳು ಈ ನಿಯಮಗಳ ಮಿತಿಗಿಂತ ಕೆಳಗಿರಬಹುದು, ಆದರೆ ಅನಿಲಕ್ಕೆ ಆ ಮಿತಿ ತಿಳಿಯದು. ಆದ್ದರಿಂದ ನಮ್ಮ ಸುತ್ತಲಿನ ಎಲ್ಲ ಘಟಕಗಳಿಗೂ, ಒಳಗೆ ಏನಿದೆ, ಸೈರನ್ನಿನ ಅರ್ಥವೇನು, ಶಾಲೆಗೆ ಯಾರು ಫೋನ್ ಮಾಡುತ್ತಾರೆ ಎಂದು ಕೇಳಿ ಶಾಲೆಯಿಂದ ಪತ್ರ ಬರೆಯಲಿದ್ದೇವೆ. ಎಸ್‌ಡಿಎಂಸಿ ಸದಸ್ಯರೂ ತಾವೂ ಆ ಪತ್ರಕ್ಕೆ ಸಹಿ ಹಾಕಬೇಕೆಂದು ಕೋರುತ್ತೇನೆ.

ಡಿಸೆಂಬರ್ 2 ರಾಷ್ಟ್ರೀಯ ಮಾಲಿನ್ಯ ನಿಯಂತ್ರಣ ದಿನದ ವಾರದಲ್ಲಿ ಶಾಲೆಯಲ್ಲಿ ಅಣಕು ಕಾರ್ಯಾಚರಣೆ ನಡೆಯಲಿದೆ. ದಿನವನ್ನು ಮೊದಲೇ ತಿಳಿಸುತ್ತೇವೆ, ಅಂದು ಗಂಟೆ ಕೇಳಿ ಯಾರೂ ಗಾಬರಿಯಾಗಬಾರದು. ಈ ಪತ್ರದ ಜೊತೆಗಿರುವ ಚೀಟಿಯಲ್ಲಿ ಮಗುವಿಗೆ ದಮ್ಮು ಅಥವಾ ಬೇರೆ ಕಾಯಿಲೆ ಇದ್ದರೆ ಅದನ್ನೂ, ಯಾವಾಗಲೂ ಸಿಗುವ ಎರಡು ಫೋನ್ ಸಂಖ್ಯೆಗಳನ್ನೂ, ಅಪಾಯ ಕಳೆದ ಮೇಲೆ ಮಗುವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದನ್ನೂ ಬರೆದು ಶನಿವಾರದೊಳಗೆ ಕಳಿಸಿ. ಕಬ್ಬು ಕಡಿಯಲು ಬೇರೆ ಊರಿಗೆ ಹೋಗುವವರು ಇಲ್ಲಿ ಉಳಿಯುವ ಅಜ್ಜ-ಅಜ್ಜಿಯರ ಅಥವಾ ಕಾಕಾ-ಕಾಕಿಯರ ಹೆಸರು ಕೊಡಬೇಕು. ಓದು-ಬರಹ ಬಾರದವರು ಸಂಜೆ ಶಾಲೆಗೆ ಬಂದರೆ ನಾವೇ ತುಂಬಿಕೊಡುತ್ತೇವೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು