ಒಂದು ‘ರು’ ಕಥೆ

ಮಾಳಮಡ್ಡಿ, ಧಾರವಾಡ

ತಂಗೀ,

ನಿನ್ನ ಕಾಗದ ಮುಟ್ಟಿತು, ಜೊತೆಗೆ ನೀನು ಬರೆಯಬೇಕೆಂದಿರುವ ಶಿಷ್ಟಾಚಾರದ ಅಂಕಣದ ಮೂರು ಮಾದರಿಗಳೂ. ಭಾಷೆ ಚಲೋ ಇದೆ. ಆದರೆ ಚಮಚ ಯಾವ ಕೈಯಲ್ಲಿ, ಸೂಟಿಗೆ ಯಾವ ಬೂಟು ಎಂದು ಹೇಳಲು ಹುಬ್ಬಳ್ಳಿಯ ಪತ್ರಿಕೆ ನಿನಗೆ ಅರ್ಧ ಕಾಲಂ ಯಾಕೆ ಕೊಡಬೇಕು? ಗಿರಮಿಟ್ ತಿನ್ನುವಾಗ ಮಿರ್ಚಿ ಯಾವ ಕೈಯಲ್ಲಿರಬೇಕು ಅಂತ ನಮಗೆ ಯಾರೂ ಕಲಿಸಬೇಕಿಲ್ಲ.

ಓದುಗರ ಪತ್ರಗಳಿಗೆ ಉತ್ತರವಾಗಿ ನಡೆನುಡಿಯ ಮರ್ಯಾದೆ ಹೇಳಿಕೊಡುವ ಅಮೆರಿಕದ ಅಂಕಣಗಾರ್ತಿ ‘ಮಿಸ್ ಮ್ಯಾನರ್ಸ್’ ಥರ ಆಗಬೇಕು ಎಂದು ಬರೆದಿದ್ದೀ. ಆಗು. ಆದರೆ ಜುಡಿತ್ ಮಾರ್ಟಿನ್ ಆ ಹೆಸರಿನ ಅಂಕಣ ಶುರು ಮಾಡಿದ್ದು 1978ರಲ್ಲಿ, ನಲವತ್ತರ ಸುಮಾರಿಗೆ. ಅದಕ್ಕೂ ಮೊದಲು ವರ್ಷಗಟ್ಟಲೆ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಸವೆದವರು. ಬರಹದ ಹಾಳೆಗಳನ್ನು ಮೇಜಿನಿಂದ ಮೇಜಿಗೆ ಒಯ್ಯುವ ಕೆಲಸಕ್ಕೆ ಸೇರಿ, ಶ್ವೇತಭವನದ ಔತಣಗಳನ್ನು ವರದಿ ಮಾಡಿ, ನಾಟಕ, ಸಿನಿಮಾ ವಿಮರ್ಶೆ ಬರೆದರು. 1971ರಲ್ಲಿ ಅಧ್ಯಕ್ಷ ನಿಕ್ಸನ್‌ರ ಮಗಳ ಮದುವೆ. ಈ ವರದಿಗಾರ್ತಿ ಬರಕೂಡದು ಎಂದು ಶ್ವೇತಭವನ ತಡೆಯಿತು. ಮುಂದೆ ದೇಶಕ್ಕೆಲ್ಲ ಮರ್ಯಾದೆ ಹೇಳಿಕೊಡಲಿದ್ದವರೇ ಮದುವೆಮನೆಗೆ ಬೇಡವಾದರು! 2005ರಲ್ಲಿ ಅವರಿಗೆ ರಾಷ್ಟ್ರೀಯ ಮಾನವಿಕ ಪದಕ ಬಂತು, ನಿಜ. ನನಗೆ ಮಾತ್ರ ಆ ಮುಚ್ಚಿದ ಬಾಗಿಲೇ ಹೆಚ್ಚು ಇಷ್ಟ.

ಇನ್ನು ನನ್ನದೊಂದು ಕೇಳು. ಆಗ ನಾನು ಹಾವೇರಿ ಕಡೆಯ ಸುದ್ದಿ ನೋಡುತ್ತಿದ್ದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಜಾರಿಬಿದ್ದು ಹಮಾಲರೊಬ್ಬರು ತೀರಿಕೊಂಡರು. ನಾಲ್ಕು ಸಾಲು ಬರೆದೆ: ‘ಹಮಾಲ ಸ್ಥಳದಲ್ಲೇ ಮೃತಪಟ್ಟ.’ ಅದೇ ಪುಟದಲ್ಲಿ ಮಂತ್ರಿಯೊಬ್ಬರು ಆಗಮಿಸಿದರು, ರಿಬ್ಬನ್ ಕತ್ತರಿಸಿದರು, ನಿರ್ಗಮಿಸಿದರು. ಮೂರು ‘ರು’. ಮೂರನೇ ದಿನ ತೀರಿಕೊಂಡವರ ಮಗಳು ಪೇಪರು ಮಡಚಿಕೊಂಡು ಕಚೇರಿಗೆ ಬಂದಳು. ಕೂಡ್ರು ಅಂದರೂ ಕೂಡ್ರಲಿಲ್ಲ.

“ನಮ್ಮಪ್ಪಗ ಒಂದು ‘ರು’ ಹಚ್ಚಾಕ ಜಾಗಾ ಇರಲಿಲ್ಲೇನ್ರಿ?”

ಅಷ್ಟು ಸಿಟ್ಟಿನಲ್ಲೂ ಆಕೆ ನನಗೆ ‘ರಿ’ ಹಚ್ಚಿಯೇ ಮಾತಾಡಿದಳು, ನೋಡು. ಏನು ಹೇಳಲಿ, ಮೊಳೆ ಜೋಡಿಸುವವರ ಮೇಲೆ ಹಾಕಲು ಹೋದೆ, ನಾಲಿಗೆ ಏಳಲಿಲ್ಲ. ಬರೆದವನು ನಾನೇ.

ಕನ್ನಡದಲ್ಲಿ ಮರ್ಯಾದೆ ಚಮಚದಲ್ಲಿಲ್ಲ, ಕ್ರಿಯಾಪದದ ಬಾಲದಲ್ಲಿದೆ. ಯಾರು ‘ಹೇಳಿದರು’, ಯಾರು ‘ಹೇಳಿದ’ ಎಂದು ಡೆಸ್ಕಿನಲ್ಲಿ ದಿನಾ ತೀರ್ಮಾನವಾಗುತ್ತದೆ, ಯಾರೂ ತೀರ್ಮಾನಿಸಿದಂತೆ ಕಾಣುವುದಿಲ್ಲ ಅಷ್ಟೆ. ಆರೋಪಿಗೂ ‘ರು’ ಬೇಕೇ? ತೀರ್ಪು ಬರುವತನಕವಾದರೂ ಬೇಕು ಅಂತ ನಾನು. ನನ್ನ ಮುಖ್ಯ ಉಪಸಂಪಾದಕರು ನಿವೃತ್ತಿಯಾಗುವತನಕ ಒಪ್ಪಲಿಲ್ಲ.

ಇಂಥದ್ದನ್ನು ಬರೆ. ಚಹಾ ಕೊಟ್ಟಾಗ ‘ಬ್ಯಾಡ್ರಿ’ ಅಂದರೆ ಎಷ್ಟನೆಯ ಸಲಕ್ಕೆ ನಿಜವಾಗಿಯೂ ಬೇಡ? ಮನೆಯಲ್ಲಿ ಉಡಿ ತುಂಬುವಾಗ ಗಂಡನನ್ನು ಕಳೆದುಕೊಂಡ ಅಕ್ಕ ಎಲ್ಲಿ ನಿಲ್ಲಬೇಕು, ಆಕೆಯನ್ನು ಅಡುಗೆಮನೆಗೆ ಕಳಿಸಿದ್ದು ಯಾರು? ಸಾವಿನ ಮನೆಗೆ ಹೋದ ವರದಿಗಾರ್ತಿ ಚಪ್ಪಲಿ ಎಲ್ಲಿ ಬಿಡಬೇಕು, ಮೊಬೈಲು ಯಾವಾಗ ತೆಗೆಯಬೇಕು? ಒಂದು ಎಚ್ಚರ ಮಾತ್ರ: ಕೇಳದವರನ್ನು ತಿದ್ದಲು ಹೋಗಬೇಡ. ಇನ್ನೊಬ್ಬರ ಒರಟುತನವನ್ನು ಎತ್ತಿ ತೋರಿಸುವುದೇ ಒರಟುತನ ಎಂಬ ವಿಷಯದಲ್ಲಿ ಮಾರ್ಟಿನ್ ಬಹಳ ಬಿಗಿ. ಅವರು ಉತ್ತರಿಸುವುದು ಪತ್ರ ಬರೆದು ಕೇಳಿದವರಿಗೆ. ನಿನಗೆ ಇನ್ನೂ ಯಾರೂ ಕೇಳಿಲ್ಲವಲ್ಲ, ಅದಕ್ಕೇ ಮೊದಲು ಕೆಲವು ವರ್ಷ ವರದಿ ಮಾಡು ಅನ್ನುವುದು.

ಸದ್ಯಕ್ಕೆ ಒಂದು ಕೆಲಸ. ನಿಮ್ಮ ಪತ್ರಿಕೆಯ ಹತ್ತು ದಿನದ ಸಂಚಿಕೆ ತೆಗೆದುಕೊಂಡು, ಯಾರ ಕ್ರಿಯಾಪದಕ್ಕೆ ‘ರು’ ಬಿದ್ದಿದೆ, ಯಾರದಕ್ಕೆ ಇಲ್ಲ, ಕೆಂಪು ಪೆನ್ನಿನಲ್ಲಿ ಗುರುತು ಹಾಕು. ಆಮೇಲೆ ಆ ಕಟ್ಟು ಹಿಡಿದುಕೊಂಡು ಮನೆಗೆ ಬಾ. ಬರುವ ಮುಂಚೆ ಫೋನ್ ಮಾಡಬೇಡ; ನಮ್ಮ ಓಣಿಯಲ್ಲಿ ಅದಿನ್ನೂ ಮರ್ಯಾದೆ ಆಗಿಲ್ಲ.

ನಿನ್ನ
ಕಾಕಾ